ಲೆಕ್ಕದ ಪುಸ್ತಕದಿಂದ ಎದ್ದುಬಂದ ಒಕ್ಕಲು

ಒಂದು ಹಳೆಯ ಲೆಕ್ಕದ ಪುಸ್ತಕದ ಕೆಲವು ಸಾಲುಗಳಿಂದ ಈ ಮಾತನ್ನು ಆರಂಭಿಸುತ್ತೇನೆ. ಆ ಪುಸ್ತಕ ಸಿದ್ಧವಾದದ್ದು ಒಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ, ಪ್ಯಾರಿಸ್ ನಗರದ ಅಂಚಿನಲ್ಲಿದ್ದ ಸಾಂ ಜೆರ್ಮೆಂ ದ ಪ್ರೇ ಎಂಬ ಕ್ರೈಸ್ತ ಮಠದಲ್ಲಿ. ಮಠದ ಅಧಿಪತಿ ಇರ್ಮಿನೋನ್ ಎಂಬಾತ ತನ್ನ ಮಠಕ್ಕೆ ಸೇರಿದ ಭೂಮಿ ಎಷ್ಟು, ಅದರಲ್ಲಿ ದುಡಿಯುವ ಒಕ್ಕಲುಗಳು ಯಾರು, ಅವರಿಂದ ಬರಬೇಕಾದದ್ದೇನು ಎಂಬುದನ್ನೆಲ್ಲ ಬರೆಸಿ ಇಡಿಸಿದ. ಊರಿಂದೂರಿಗೆ ಹೋಗಿ, ಒಕ್ಕಲುಗಳನ್ನು ಸಾಲಾಗಿ ನಿಲ್ಲಿಸಿ, ಪ್ರಮಾಣ ಮಾಡಿಸಿ ಬರೆದುಕೊಂಡಂತಹ ಕಡತ ಅದು. ಅದರಲ್ಲಿ ಸುಮಾರು ಹತ್ತು ಸಾವಿರ ಜನರ ಲೆಕ್ಕವಿದೆ. ಅವರಲ್ಲೊಬ್ಬ ಬೋಡೋ.

ಬೋಡೋವಿನ ವಿಷಯದಲ್ಲಿ ಕಡತ ಹೇಳುವುದಿಷ್ಟು. ಅವನು ಮಠದ ಒಕ್ಕಲು. ಹೆಂಡತಿ ಎರ್ಮೆಂಟ್ರೂಡ್ ಕೂಡ ಒಕ್ಕಲು. ಮಕ್ಕಳು ಮೂವರು. ಉಳುವ ಭೂಮಿ ಎಂಟು ಬುನುಆರಿಯ, ಜೊತೆಗೆ ಒಂದಿಷ್ಟು ದ್ರಾಕ್ಷಿಯ ತೋಟ, ಒಂದಿಷ್ಟು ಹುಲ್ಲುಗಾವಲು. ಸೈನ್ಯದ ಬಾಬ್ತು ಅವನು ಸಲ್ಲಿಸತಕ್ಕದ್ದು ಎರಡು ಬೆಳ್ಳಿಯ ಷಿಲಿಂಗು. ಕಾಡಿನಲ್ಲಿ ಹಂದಿ ಮೇಯಿಸುವುದಕ್ಕೆ ಎರಡು ಪೀಪಾಯಿ ದ್ರಾಕ್ಷಾರಸ. ಮೂರು ವರ್ಷಕ್ಕೊಮ್ಮೆ ನೂರು ಹಲಗೆ. ವಾರಕ್ಕೆ ಎರಡು ಸರದಿಯ ಉಳುಮೆ, ಒಂದು ದಿನದ ಕೈಗೆಲಸ; ಹೇಳಿದಾಗ ಬಂಡಿ ಹೂಡಿಕೊಂಡು ಬರಬೇಕು. ಮೂರು ಕೋಳಿ, ಹದಿನೈದು ಮೊಟ್ಟೆ. ಒಂದು ಗಿರಣಿಯಲ್ಲಿ ಅವನಿಗೆ ಅರ್ಧ ಪಾಲು ಇದೆ, ಅದರ ಬಾಬ್ತು ಮತ್ತೆ ಎರಡು ಷಿಲಿಂಗು. ಅಲ್ಲಿಗೆ ಬೋಡೋ ಮುಗಿದ. ಕಡತ ಮುಂದಿನ ಒಕ್ಕಲಿನ ಹೆಸರಿಗೆ ಹೋಗುತ್ತದೆ. (ಬುನುಆರಿಯವೆಂದರೆ ಎಷ್ಟು ಎಂದು ನನ್ನನ್ನು ಕೇಳಬೇಡಿ. ನಮ್ಮ ಶಾಸನಗಳ ಮತ್ತರು, ಕಮ್ಮಗಳ ಅಳತೆಯನ್ನು ಕುರಿತು ವಿದ್ವಾಂಸರು ಎಷ್ಟು ಜಗಳವಾಡಿದ್ದಾರೋ ಅಷ್ಟೇ ಜಗಳ ಅಲ್ಲಿಯೂ ನಡೆದಿದೆ.)

ಈ ಕಡತವನ್ನು ಗೆರಾರ್ ಎಂಬ ಫ್ರೆಂಚ್ ವಿದ್ವಾಂಸ 1844ರಲ್ಲಿ ಅಚ್ಚು ಹಾಕಿಸಿದ. ಆಮೇಲೆ ಎಂಬತ್ತು ವರ್ಷ ಅದು ಪಂಡಿತರ ಸೊತ್ತಾಗಿಯೇ ಉಳಿಯಿತು. ಮಧ್ಯಯುಗದ ಆರಂಭಕಾಲದ ಗೇಣಿಪದ್ಧತಿಯ ಮೇಲೆ ಬರೆಯುವವರು ಅದನ್ನು ತೆರೆಯುತ್ತಿದ್ದರು, ಕೂಡಿ ಕಳೆದು ಪಟ್ಟಿ ಮಾಡುತ್ತಿದ್ದರು, ಮುಚ್ಚುತ್ತಿದ್ದರು. ಸಾಮಾನ್ಯ ಓದುಗನಿಗೆ ಆ ಕಾಲವೆಂದರೆ ಶಾರ್ಲ್‌ಮೇನ್ ಚಕ್ರವರ್ತಿಯ ದಂಡಯಾತ್ರೆ, ರೋಮಿನಲ್ಲಿ ಅವನ ಪಟ್ಟಾಭಿಷೇಕ, ಅದರ ಹಿಂದು ಮುಂದೆಲ್ಲ ಕತ್ತಲೆ. ‘ಕತ್ತಲೆಯ ಯುಗ’ವೆಂಬ ಹೆಸರೇ ಆ ಶತಮಾನಗಳಿಗೆ ಅಂಟಿಕೊಂಡಿತ್ತು.

1924ರಲ್ಲಿ ಲಂಡನ್ನಿನಲ್ಲಿ ‘ಮೆಡೀವಲ್ ಪೀಪಲ್’ ಎಂಬ ಒಂದು ಪುಸ್ತಕ ಹೊರಬಂದಿತು. ಮಧ್ಯಯುಗದ ಜನ ಎಂದು ಅದರ ಅರ್ಥ. ಬರೆದಾಕೆ ಐಲೀನ್ ಪವರ್. ಆರು ಅಧ್ಯಾಯ, ಆರು ವ್ಯಕ್ತಿಚಿತ್ರ. ಮಾರ್ಕೋ ಪೋಲೋ ಒಬ್ಬನನ್ನು ಬಿಟ್ಟರೆ ಜಗತ್ತು ಹೆಸರು ಕೇಳಿದವರಾರೂ ಅದರಲ್ಲಿಲ್ಲ: ಕವಿ ಚಾಸರನ ಕಾವ್ಯದಲ್ಲಿ ಬರುವ ಒಬ್ಬ ಸನ್ಯಾಸಿನಿ, ಪ್ಯಾರಿಸ್ಸಿನ ಒಬ್ಬ ಗೃಹಿಣಿ, ಒಬ್ಬ ಉಣ್ಣೆಯ ವ್ಯಾಪಾರಿ, ಒಬ್ಬ ಬಟ್ಟೆಯ ವ್ಯಾಪಾರಿ. ಇವರೆಲ್ಲರಿಗೂ ಮುಂದೆ, ಮೊದಲನೆಯ ಅಧ್ಯಾಯದಲ್ಲಿ, ನಮ್ಮ ಬೋಡೋ.

ಬೋಡೋವನ್ನು ಆಕೆ ಹೇಗೆ ಎಬ್ಬಿಸಿ ನಿಲ್ಲಿಸಿದರೆಂಬುದನ್ನು ಸ್ವಲ್ಪ ಹೇಳಬೇಕು. ವಸಂತದ ಆರಂಭ, ಒಂದು ಬೆಳಗು. ಬೋಡೋ ಬೇಗನೆ ಏಳುತ್ತಾನೆ, ಏಕೆಂದರೆ ಆ ದಿನ ಮಠದ ಹೊಲದಲ್ಲಿ ಬಿಟ್ಟಿ ದುಡಿಯುವ ಸರದಿ. ತಡವಾದರೆ ಪಾರುಪತ್ಯಗಾರನ ಭಯ. ಹಾಗೆಂದು ಹೋದ ವಾರವೇ ಆತನಿಗೆ ಮೊಟ್ಟೆ ತರಕಾರಿ ಕೊಟ್ಟು ಸಮಾಧಾನದಲ್ಲಿ ಇಟ್ಟಿರಲೂಬಹುದು. ಹಿರಿಯ ಮಗನನ್ನು ಎತ್ತು ಹೊಡೆಯಲು ಜೊತೆಗೆ ಕರೆದುಕೊಂಡು, ದಾರಿಯಲ್ಲಿ ನೆರೆಹೊರೆಯವರನ್ನು ಕೂಡಿಕೊಂಡು ಹೊರಡುತ್ತಾನೆ. ಅತ್ತ ಎರ್ಮೆಂಟ್ರೂಡ್ ಕೋಳಿ, ಮೊಟ್ಟೆಗಳ ಲೆಕ್ಕ ಒಪ್ಪಿಸಲು ದೊಡ್ಡಮನೆಗೆ ಹೋಗುತ್ತಾಳೆ. ಅಲ್ಲಿ ಬಟ್ಟೆ ನೇಯುವ ಹೆಂಗಸರೊಡನೆ ಒಂದು ಗಳಿಗೆ ಮಾತಾಡಿ ಹಿಂದಿರುಗುತ್ತಾಳೆ. ಹೊಲಕ್ಕೆ ಮಾಟ ತಟ್ಟದಂತೆ, ಜೇನು ಗೂಡು ಬಿಟ್ಟು ಹೋಗದಂತೆ ಬೋಡೋ ಹೇಳುವ ಮಂತ್ರಗಳಿವೆ; ಮಂತ್ರ ಹಳೆಯ ದೇವರುಗಳದ್ದು, ಅದರಲ್ಲಿ ಬರುವ ಹೆಸರು ಮಾತ್ರ ಕ್ರಿಸ್ತನದ್ದು. ಭಾನುವಾರ ಇಗರ್ಜಿಯ ಅಂಗಳದಲ್ಲಿ ಕುಣಿತ, ಹಾಡು, ಪಾದ್ರಿಗಳ ಗದರಿಕೆ. ವರ್ಷಕ್ಕೊಮ್ಮೆ ಸಂತ ಡೆನಿಸ್ಸನ ಜಾತ್ರೆ. ಆ ಜಾತ್ರೆಗೆ ದೂರದೇಶದ ವರ್ತಕರು ತಂದು ಹರಡುವ ರೇಷ್ಮೆ, ಸಾಂಬಾರ ಪದಾರ್ಥಗಳನ್ನು ಬೋಡೋ ಕಣ್ಣು ಬಿಟ್ಟು ನೋಡಿ ಬರಿಗೈಯಲ್ಲಿ ಮನೆಗೆ ಬರುತ್ತಾನೆ. ಹದಿನೈದು ಮೊಟ್ಟೆಯೆಂಬ ಅಂಕೆ ಹೀಗೆ ಒಂದು ಮನೆಯಾಯಿತು.

ಐಲೀನ್ ಪವರ್ ಹವ್ಯಾಸಿ ಬರಹಗಾರ್ತಿಯಾಗಿರಲಿಲ್ಲ. 1889ರಲ್ಲಿ ಹುಟ್ಟಿದ ಆಕೆ ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡು ಇಬ್ಬರು ತಂಗಿಯರೊಡನೆ ಬಂಧುಗಳ ಆಶ್ರಯದಲ್ಲಿ ಬೆಳೆದರು. ಕೇಂಬ್ರಿಜ್ಜಿನ ಗರ್ಟನ್ ಕಾಲೇಜಿನಲ್ಲಿ ಓದಿ, ಪ್ಯಾರಿಸ್ಸಿನಲ್ಲಿ ಹಳೆಯ ದಸ್ತಾವೇಜುಗಳನ್ನು ಓದುವ ಶಿಕ್ಷಣ ಪಡೆದು, ಗರ್ಟನ್ನಿನಲ್ಲಿಯೇ ಕೆಲವು ವರ್ಷ ಪಾಠ ಹೇಳಿದರು. 1920-21ರಲ್ಲಿ ಆಲ್ಬರ್ಟ್ ಕಾನ್ ಪ್ರವಾಸವೇತನ ಅವರಿಗೆ ದೊರೆಯಿತು. ಅದುವರೆಗೆ ಅದು ಯಾವ ಹೆಂಗಸಿಗೂ ಸಿಕ್ಕಿರಲಿಲ್ಲ. ಆ ಪ್ರವಾಸದಲ್ಲಿ ಆಕೆ ಭಾರತವನ್ನೂ ಚೀನಾವನ್ನೂ ನೋಡಿದರು. 1921ರಿಂದ ಲಂಡನ್ನಿನ ಅರ್ಥಶಾಸ್ತ್ರದ ಪ್ರಸಿದ್ಧ ವಿದ್ಯಾಸಂಸ್ಥೆಯಲ್ಲಿ ಅಧ್ಯಾಪಕಿ, 1931ರಲ್ಲಿ ಆರ್ಥಿಕ ಇತಿಹಾಸದ ಪ್ರಾಧ್ಯಾಪಕಿ. ಇಂಗ್ಲೆಂಡಿನ ಮಧ್ಯಯುಗದ ಸನ್ಯಾಸಿನಿ ಮಠಗಳನ್ನು ಕುರಿತು 1922ರಲ್ಲಿ ಪ್ರಕಟವಾದ ಆಕೆಯ ದೊಡ್ಡ ಗ್ರಂಥ ಪಂಡಿತಮಾನ್ಯವಾದುದು. ಕೇಂಬ್ರಿಜ್ ವಿಶ್ವವಿದ್ಯಾನಿಲಯ ಹೆಂಗಸರನ್ನು ಪೂರ್ಣ ಪದವೀಧರರೆಂದು ಒಪ್ಪಿದ್ದು 1948ರಲ್ಲಿ. ಅಷ್ಟು ಹೊತ್ತಿಗೆ ಪವರ್ ತೀರಿಕೊಂಡು ಎಂಟು ವರ್ಷವಾಗಿತ್ತು.

ಇಂತಹವರು ಸಾಮಾನ್ಯ ಓದುಗರಿಗಾಗಿ ಏಕೆ ಬರೆದರು? ಮೊದಲನೆಯ ಮಹಾಯುದ್ಧ ಮುಗಿದಿದ್ದ ಕಾಲ ಅದು. ರಾಜರ, ಸಂಧಿಗಳ, ಗಡಿಗಳ ಚರಿತ್ರೆಯನ್ನು ಶಾಲೆಯಲ್ಲಿ ಓದಿ ಬೆಳೆದ ಒಂದು ಪೀಳಿಗೆ ಕಂದಕಗಳಲ್ಲಿ ಸತ್ತಿತ್ತು. ರಾಷ್ಟ್ರಗಳು ಬಡಿದಾಡಿದ ಕಥೆಯನ್ನೇ ಮಕ್ಕಳಿಗೆ ಹೇಳುತ್ತ ಹೋದರೆ ಮುಂದೆಯೂ ಬಡಿದಾಟವೇ. ಎಲ್ಲ ದೇಶಗಳ ಜನ ಉತ್ತದ್ದು, ನೇಯ್ದದ್ದು, ಮಾರಿದ್ದು, ಮದುವೆಯಾದದ್ದು ಹೆಚ್ಚು ಕಡಿಮೆ ಒಂದೇ ಬಗೆ ಎಂದು ತೋರಿಸಿಕೊಟ್ಟರೆ ಏನಾದರೂ ಪ್ರಯೋಜನವಾದೀತು ಎಂಬ ನಂಬಿಕೆ ಆಕೆಯದಾಗಿತ್ತು. ನಂಬಿಕೆ ಸಫಲವಾಗಲಿಲ್ಲವೆಂಬುದನ್ನು 1939 ತೋರಿಸಿತು. ಆದರೆ ಬರೆದವರ ಹುರುಪು ಅಲ್ಲಿಂದ ಬಂದದ್ದು ಎಂಬುದನ್ನು ಮರೆಯಬಾರದು.

ಪುಸ್ತಕ ಓಡಿತು. ಅದಕ್ಕೆ ಓದುಗರು ಕಾದಿದ್ದರು. ಎಚ್. ಜಿ. ವೆಲ್ಸನ ಜಗತ್ತಿನ ಚರಿತ್ರೆ ನಾಲ್ಕು ವರ್ಷ ಮೊದಲೇ ಜನರಲ್ಲಿ ದೊಡ್ಡ ಹಸಿವು ಹುಟ್ಟಿಸಿತ್ತು. ಕೆಲಸ ಮುಗಿಸಿ ಸಂಜೆಯ ತರಗತಿಗೆ ಬರುವ ಕಾರ್ಮಿಕರು, ಶಾಲೆಯ ಮಾಸ್ತರರು, ಗ್ರಂಥಾಲಯದಿಂದ ಪುಸ್ತಕ ಒಯ್ಯುವ ಗೃಹಿಣಿಯರು ಇದ್ದರು. 1930ರ ದಶಕದ ಕೊನೆಯಲ್ಲಿ ಅದು ಪೆಲಿಕನ್ ಮಾಲೆಯಲ್ಲಿ ಅಗ್ಗದ ಪ್ರತಿಯಾಗಿಯೂ ಬಂದಿತು. ಆರು ಪೆನ್ಸಿಗೆ, ಎಂದರೆ ಒಂದು ಸಿಗರೇಟು ಪೊಟ್ಟಣದ ಬೆಲೆಗೆ, ಒಂದು ಒಳ್ಳೆಯ ಪುಸ್ತಕ ಸಿಗುವ ಕಾಲ ಅದು. ಇದರ ಜೊತೆಗೆ ರೇಡಿಯೋ ಇತ್ತು. ಐಲೀನ್ ಪವರ್ ಮತ್ತು ಅವರ ತಂಗಿ ರೋಡಾ ಇಬ್ಬರೂ ಬಿ.ಬಿ.ಸಿ.ಯ ಶಾಲಾ ಪ್ರಸಾರಗಳಲ್ಲಿ ಚರಿತ್ರೆಯ ಪಾಠ ಹೇಳಿದರು. ಅಕ್ಕತಂಗಿಯರು ಕೂಡಿ ಮಕ್ಕಳಿಗಾಗಿ ಚರಿತ್ರೆಯ ಪುಸ್ತಕಗಳನ್ನೂ ಬರೆದರು. ಪಾಠದ ನಡುವೆ ಸಂಭಾಷಣೆ ಹೊಂದಿಸಿ, ಸಂತೆಯ ಗದ್ದಲ, ಗಂಟೆಯ ಸದ್ದು ಕೇಳಿಸಿ, ಕಣ್ಣಿಗೆ ಕಾಣದ ಕಾಲವನ್ನು ಕಿವಿಗೆ ಮುಟ್ಟಿಸುವ ಕಲೆಯಲ್ಲಿ ರೋಡಾ ನಿಪುಣೆ. ಮೈಕಿನ ಮುಂದೆ ಕುಳಿತು ಚರಿತ್ರೆ ಹೇಳುವವರಿಗೆಲ್ಲ ಇವರಿಬ್ಬರ ಋಣವಿದೆ. ಈ ಮಾತನ್ನು ಮೈಕಿನ ಮುಂದೆಯೇ ಹೇಳುತ್ತಿದ್ದೇನೆ.

ಇನ್ನು ದೋಷಗಳ ಮಾತು. ಜನಪ್ರಿಯ ಚರಿತ್ರೆಯೆಂದರೆ ಮೂಗು ಮುರಿಯುವವರು ಎಲ್ಲ ದೇಶದಲ್ಲಿಯೂ ಇದ್ದಾರೆ. ಅವರಿಗೆ ಬೋಡೋವಿನ ಅಧ್ಯಾಯದಲ್ಲಿ ಆಹಾರವುಂಟು.

ಮೊದಲನೆಯದು ಆ ಗಿರಣಿ. ಪವರ್ ಅದನ್ನು ಗಾಳಿಗಿರಣಿಯೆಂದು ಇಂಗ್ಲಿಷಿಗೆ ತಂದರು. ಮೂಲದ ಲ್ಯಾಟಿನ್ ಶಬ್ದಕ್ಕೆ ಹಿಟ್ಟಿನ ಗಿರಣಿ ಎಂದಷ್ಟೇ ಅರ್ಥ. ಯೂರೋಪಿನಲ್ಲಿ ಗಾಳಿಗಿರಣಿ ಕಾಣಿಸಿಕೊಂಡದ್ದು ಹನ್ನೆರಡನೆಯ ಶತಮಾನದ ಕೊನೆಗೆ. ಬೋಡೋವಿನ ಕಾಲದಲ್ಲಿ ಗಿರಣಿಯನ್ನು ತಿರುಗಿಸುತ್ತಿದ್ದದ್ದು ತೊರೆಯ ನೀರು. ಮುನ್ನೂರು ವರ್ಷ ಮುಂದಿನ ಯಂತ್ರದಲ್ಲಿ ಬೋಡೋ ಅರ್ಧ ಪಾಲುದಾರನಾಗಿಬಿಟ್ಟ. ಒಂದು ಶಬ್ದದ ಪ್ರಮಾದ, ಚಿತ್ರದ ಒಟ್ಟು ಸ್ವರೂಪ ಅದರಿಂದ ಕೆಡುವುದಿಲ್ಲ, ಎನ್ನಬಹುದು. ನನಗೆ ಹಾಗೆನಿಸುವುದಿಲ್ಲ. ಜನಪ್ರಿಯ ಪುಸ್ತಕದ ತಪ್ಪು ಪಂಡಿತ ಗ್ರಂಥದ ತಪ್ಪಿಗಿಂತ ದೊಡ್ಡದು. ಪಂಡಿತ ಗ್ರಂಥವನ್ನು ಓದುವ ಇನ್ನೂರು ಜನರಲ್ಲಿ ಹತ್ತು ಜನ ತಿದ್ದಿಕೊಳ್ಳಬಲ್ಲರು; ಜನಪ್ರಿಯ ಪುಸ್ತಕವನ್ನು ಓದುವ ಸಾವಿರಾರು ಮಂದಿಯಲ್ಲಿ ಆ ಹತ್ತು ಮಂದಿ ಎಲ್ಲಿಂದ ಬರಬೇಕು?

ಎರಡನೆಯದು, ಉಳುವವನ ಗೋಳು. ಚಳಿಯಲ್ಲಿ ಎತ್ತು ಹೂಡಿ ಹೊರಡುವ ಕಷ್ಟವನ್ನು ಹೇಳುವಾಗ ಪವರ್ ಎಲ್ಫ್ರಿಕ್ ಎಂಬ ಇಂಗ್ಲಿಷ್ ಸನ್ಯಾಸಿ ಬರೆದ ಒಂದು ಸಂವಾದದ ನೆರವು ಪಡೆಯುತ್ತಾರೆ. ಹುಡುಗರಿಗೆ ಲ್ಯಾಟಿನ್ ಕಲಿಸಲು ಕ್ರಿ.ಶ. 1000ದ ಸುಮಾರಿಗೆ ರಚಿತವಾದ ಪಾಠ ಅದು. ಅದರಲ್ಲಿ ಬರುವ ನೇಗಿಲ ಆಳು ತಾನು ಸ್ವತಂತ್ರನಲ್ಲವೆಂದು ಹೇಳಿಕೊಳ್ಳುತ್ತಾನೆ. ಬೋಡೋವಿಗೂ ಅವನಿಗೂ ನಡುವೆ ಒಂದು ಕಡಲು, ಇನ್ನೂರಕ್ಕೆ ಸಮೀಪದ ವರ್ಷಗಳು. ಸಾಲದ್ದಕ್ಕೆ ಕಡತದ ಪ್ರಕಾರ ಬೋಡೋ ‘ಕೊಲೋನಸ್’ ವರ್ಗದವನು. ಕಾನೂನಿನ ಕಣ್ಣಿಗೆ ಗುಲಾಮನಲ್ಲ. ಒಬ್ಬನ ಕಣ್ಣೀರನ್ನು ಇನ್ನೊಬ್ಬನ ಕೆನ್ನೆಗೆ ಹಚ್ಚಬಹುದೆ? ಪವರ್ ಅದನ್ನು ಮುಚ್ಚಿಡಲಿಲ್ಲ, ಎಲ್ಲಿಂದ ತಂದೆನೆಂಬುದನ್ನು ಹೇಳಿಯೇ ತಂದರು. ಆದರೂ ಓದುತ್ತ ಹೋದಾಗ ಆ ಎಚ್ಚರಿಕೆ ಮರೆತುಹೋಗಿ, ಕಣ್ಣೀರು ಮಾತ್ರ ನೆನಪಿನಲ್ಲಿ ನಿಲ್ಲುತ್ತದೆ.

ಮೂರನೆಯದು ನನ್ನನ್ನು ಬಹಳ ದಿನ ಕಾಡಿದ ವಿಷಯ. ಬೋಡೋವಿನ ಮಕ್ಕಳ ಹೆಸರು ಪವರ್ ಅವರ ಪುಸ್ತಕದಲ್ಲಿ ವೀಡೋ, ಗೆರ್ಬರ್ಟ್, ಹಿಲ್ಡೆಗಾರ್ಡ್. ಇಬ್ಬರು ಗಂಡುಮಕ್ಕಳು, ಒಬ್ಬ ಹೆಣ್ಣುಮಗಳು. ಓದಿದವರೆಲ್ಲ ಆ ಹೆಸರುಗಳನ್ನು ನೆನಪಿಟ್ಟುಕೊಂಡಿದ್ದಾರೆ. ಕಡತದ ಆ ಸಾಲಿನಲ್ಲಿ ಹೆಸರುಗಳಿಲ್ಲ. ಮೂವರು ಮಕ್ಕಳು ಎಂದಿದೆ, ಅಷ್ಟೆ. ಗಂಡೆಷ್ಟು ಹೆಣ್ಣೆಷ್ಟು ಎಂದೂ ಇಲ್ಲ. ಆ ಕಾಲಕ್ಕೆ ಒಪ್ಪುವ ಹೆಸರುಗಳನ್ನು ತಂದು ಆ ಮೂವರಿಗೆ ನಾಮಕರಣ ಮಾಡಿದವರು ಐಲೀನ್ ಪವರ್.

ಇದನ್ನು ಸುಳ್ಳೆನ್ನಬೇಕೆ? ಮೊದಲು ತಿಳಿದಾಗ ನಾನು ಹಾಗೆಯೇ ಅಂದುಕೊಂಡೆ. ಆಮೇಲೆ ಪುಸ್ತಕದ ಹಿಂಭಾಗವನ್ನು ತಿರುಗಿಸಿದಾಗ ಮನಸ್ಸು ಸ್ವಲ್ಪ ಬದಲಾಯಿತು. ಅಲ್ಲಿ ಟಿಪ್ಪಣಿಯಲ್ಲಿ ಪವರ್ ಬೋಡೋವಿನ ಸಾಲುಗಳನ್ನು ಮೂಲದಲ್ಲಿ ಇದ್ದಂತೆಯೇ ಕೊಟ್ಟಿದ್ದಾರೆ. ಹೆಸರಿಲ್ಲದ ಮೂವರು ಮಕ್ಕಳೂ ಅಲ್ಲಿದ್ದಾರೆ, ಹಿಟ್ಟಿನ ಗಿರಣಿಯೂ ಅಲ್ಲಿದೆ. ತನ್ನ ತಪ್ಪನ್ನೂ ತನ್ನ ಕಲ್ಪನೆಯನ್ನೂ ಹಿಡಿದುಕೊಡುವ ಸಾಕ್ಷಿಯನ್ನು ತನ್ನದೇ ಪುಸ್ತಕದಲ್ಲಿ ಕಟ್ಟಿ ಕಳುಹಿಸಿದ್ದಾರೆ. ಕಥೆಯನ್ನು ನಂಬುವವರು ಮುಂದಿನ ಪುಟಗಳನ್ನು ಓದಲಿ, ಅನುಮಾನವಿದ್ದವರು ಹಿಂದಿನ ಪುಟಗಳನ್ನು ಓದಲಿ ಎಂಬಂತಿದೆ ಏರ್ಪಾಡು. ಅನುಮಾನಿಸುವ ಓದುಗನಿಗೆ ಜಾಗ ಬಿಟ್ಟ ಜನಪ್ರಿಯ ಲೇಖಕರು ವಿರಳ. ಆದರೂ ಮಕ್ಕಳ ಹೆಸರಿನ ಹಿಂದೆ ಒಂದು ‘ಎಂದಿಟ್ಟುಕೊಳ್ಳೋಣ’ ಸೇರಿಸಿದ್ದರೆ ಏನು ನಷ್ಟವಾಗುತ್ತಿತ್ತು ಎಂಬ ಪ್ರಶ್ನೆಯನ್ನು ನಾನು ಇನ್ನೂ ಬಿಟ್ಟಿಲ್ಲ.

ಆ ಹೆಣ್ಣುಮಗಳ ವಿಷಯವಾಗಿ ಇನ್ನೊಂದು ಮಾತಿದೆ. ಇದೇ ಕಡತವನ್ನು 1970ರ ದಶಕದಲ್ಲಿ ಮತ್ತೆ ಎಣಿಸಿ ನೋಡಿದವರಿಗೆ ಒಂದು ವಿಚಿತ್ರ ಕಾಣಿಸಿತು. ಅದರಲ್ಲಿ ಗಂಡಸರ ಸಂಖ್ಯೆಗೆ ಹೆಂಗಸರ ಸಂಖ್ಯೆ ಸರಿಹೊಂದುವುದಿಲ್ಲ, ಹೆಣ್ಣುಗಳು ಕಡಿಮೆ. ಬಡ ಒಕ್ಕಲುಗಳು ಹೆಣ್ಣುಶಿಶುಗಳನ್ನು ಉಳಿಯಗೊಡುತ್ತಿರಲಿಲ್ಲವೇ ಎಂದು ಒಂದು ಪಕ್ಷ ಕೇಳಿತು. ಹಾಗಲ್ಲ, ಬರೆದುಕೊಂಡ ಕರಣಿಕರು ಹೆಣ್ಣುಗಳನ್ನು ಎಣಿಸುವ ಗೊಡವೆಗೆ ಹೋಗಲಿಲ್ಲ, ಕೊರತೆ ಲೆಕ್ಕದಲ್ಲೇ ಹೊರತು ಮನೆಗಳಲ್ಲಲ್ಲ, ಎಂದು ಇನ್ನೊಂದು ಪಕ್ಷ ವಾದಿಸಿತು. ವಾದ ತೀರಿಲ್ಲ. ಆದರೆ ಆ ಕಡತದ ಯಾವುದೇ ಮನೆಯಲ್ಲಿ ಒಬ್ಬ ಹೆಣ್ಣುಮಗಳನ್ನು ಕೂರಿಸುವಾಗ ಒಂದು ಗಳಿಗೆ ಕೈ ತಡೆಯಬೇಕು ಎಂಬುದಂತೂ ನಿಜ. ಪವರ್ ಕೂರಿಸಿದರು, ಆಗ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಹಿಲ್ಡೆಗಾರ್ಡ್ ಎಂಬ ಹುಡುಗಿ ಪ್ಯಾರಿಸ್ಸಿನ ಬಳಿಯ ಆ ಹಳ್ಳಿಯಲ್ಲಿ ಇದ್ದಳೋ ಇಲ್ಲವೋ, ಇಂಗ್ಲಿಷ್ ಓದುಗರ ಮನಸ್ಸಿನಲ್ಲಿ ನೂರು ವರ್ಷ ಬದುಕಿದ್ದಾಳೆ.

ನಮ್ಮ ಕಡೆಗೆ ಒಮ್ಮೆ ತಿರುಗಿ ನೋಡಬೇಕೆನಿಸುತ್ತದೆ. ಬೋಡೋವಿನಿಂದ ಒಂದು ಶತಮಾನ ಈಚೆಗೆ, 949-50ರ ಆತಕೂರು ಶಾಸನ ನಮ್ಮಲ್ಲಿದೆ. ಗಂಗರ ಬೂತುಗನಿಂದ ಮಣಲೇರನೆಂಬ ವೀರ ಬೇಡಿ ಪಡೆದ ಬೇಟೆನಾಯಿ ಕಾಳಿ. ಅದು ಕಾಡುಹಂದಿಯೊಂದರ ಮೇಲೆ ಬಿದ್ದು, ಹಂದಿಯೂ ನಾಯಿಯೂ ಜೊತೆಯಾಗಿ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಆ ಭೂಮಿಯನ್ನು ಉತ್ತವನ ಹೆಸರನ್ನು ಕಲ್ಲು ಹೇಳುವುದಿಲ್ಲ. ನಾಯಿಯ ಹೆಸರು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಓದಲು ಸಿಗುತ್ತದೆ. ನಮ್ಮ ಶಾಸನಗಳಿಂದ ರಾಜವಂಶಾವಳಿಯನ್ನಷ್ಟೇ ಹೆಕ್ಕುವ ರೂಢಿಯನ್ನು ಬಿಟ್ಟು, ಊಟ, ಉಡುಗೆ, ಹರಕೆ, ಸಾವುಗಳನ್ನು ಹುಡುಕಿದ ದೊಡ್ಡ ಪ್ರಯತ್ನ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’, 1966ರಲ್ಲಿ ಪ್ರಕಟವಾದದ್ದು. ಅದು ಪ್ರೌಢ ಗ್ರಂಥ. ಅದರಲ್ಲಿರುವ ಸಾಮಗ್ರಿಯಿಂದ ಹತ್ತು ಬೋಡೋಗಳನ್ನು ಎಬ್ಬಿಸಬಹುದು.

ಐಲೀನ್ ಪವರ್ ಅವರ ಆಮೇಲಿನ ಕಾಲದಲ್ಲಿ ಯೂರೋಪಿನ ಆ ಶತಮಾನಗಳ ಮೇಲೆ ಜನಪ್ರಿಯ ಪುಸ್ತಕಗಳು ಸಾಲುಗಟ್ಟಿ ಬಂದವು. ಪೀಟರ್ ಬ್ರೌನ್ 1971ರಲ್ಲಿ ಚಿತ್ರಭರಿತವಾದ ಒಂದು ಪುಸ್ತಕ ಬರೆದು, ರೋಮಿನ ಪತನವೆಂದು ನಾವು ಅಳುತ್ತಿದ್ದುದು ಒಂದು ಹೊಸ ಲೋಕದ ಹುಟ್ಟು ಎಂದು ತೋರಿಸಿದರು. 2005ರಲ್ಲಿ ಬ್ರಯನ್ ವಾರ್ಡ್ ಪರ್ಕಿನ್ಸ್ ಎದ್ದು, ಹುಟ್ಟೂ ಇಲ್ಲ ಗಿಟ್ಟೂ ಇಲ್ಲ, ಹಂಚಿನ ಮಾಡುಗಳು ಮಾಯವಾದವು, ಒಳ್ಳೆಯ ಮಡಕೆ ಮಾಯವಾಯಿತು, ದನಗಳು ಸಹ ಗಿಡ್ಡವಾದವು, ಎಂದು ವಾದಿಸಿದರು. ಪ್ರಕಾಶಕರಿಗೆ ‘ಕತ್ತಲೆ’ ಎಂಬ ಮಾತು ಇವತ್ತಿಗೂ ಪ್ರಿಯ. ಕತ್ತಲೆಯಿಲ್ಲವೆಂದು ಸಾಧಿಸುವ ಪುಸ್ತಕದ ಹೊದಿಕೆಯ ಮೇಲೂ ಕತ್ತಲೆಯೆಂದು ದಪ್ಪಕ್ಷರದಲ್ಲಿ ಅಚ್ಚಾಗುವುದುಂಟು.

ಪವರ್ ಅವರಿಗೂ ಆ ಕತ್ತಲೆಯ ವಿಷಯ ಬರೆಯಬೇಕಾದ ಕಾಲ ಬಂದಿತ್ತು. 1938ರ ಸುಮಾರಿಗೆ, ಯೂರೋಪಿನಲ್ಲಿ ಮತ್ತೆ ಯುದ್ಧದ ಮೋಡ ಕವಿದಿದ್ದಾಗ, ಆಕೆ ಒಂದು ಪ್ರಬಂಧ ಬರೆದರು. ರೋಮ್ ಸಾಮ್ರಾಜ್ಯದ ಗಾಲ್ ಪ್ರಾಂತದಲ್ಲಿ, ಎಂದರೆ ಇಂದಿನ ಫ್ರಾನ್ಸಿನಲ್ಲಿ, ಬಾಳಿದ ಕೆಲವು ವಿದ್ಯಾವಂತರ ಚಿತ್ರ ಅದರಲ್ಲಿದೆ. ನಾಲ್ಕನೆಯ ಶತಮಾನದ ಔಸೋನಿಯಸ್ ಬೋರ್ಡೋ ಊರಿನ ಮೇಷ್ಟರು, ಕವಿ. ರಾಜಕುಮಾರನಿಗೆ ಪಾಠ ಹೇಳಿದ ಪುಣ್ಯದಿಂದ 379ರಲ್ಲಿ ಕಾನ್ಸಲ್ ಪದವಿಗೇರಿದವನು. ದ್ರಾಕ್ಷಿಯ ತೋಟ, ನದಿಯ ಮೀನು, ಹಳೆಯ ಸಹೋದ್ಯೋಗಿಗಳು, ಇವನ್ನು ಕುರಿತು ಪದ್ಯ ಕಟ್ಟುತ್ತ ಸುಖವಾಗಿದ್ದ. ಅವನ ಕಾಲದಲ್ಲಿಯೇ ಗಡಿಯಾಚೆಯ ಜನ ಒಳನುಗ್ಗುತ್ತಿದ್ದರು. ಪದ್ಯಗಳಲ್ಲಿ ಅದರ ಸುಳಿವು ಹೆಚ್ಚೇನೂ ಇಲ್ಲ. ಐದನೆಯ ಶತಮಾನದ ಸಿಡೋನಿಯಸ್ ಒಬ್ಬ ಚಕ್ರವರ್ತಿಯ ಅಳಿಯ. ಹಳ್ಳಿಯ ಬಂಗಲೆ, ಸ್ನಾನಗೃಹ, ಊಟಕ್ಕೆ ಮುಂಚೆ ಚೆಂಡಾಟ, ಮೇಲೆ ಗ್ರಂಥಗಳು; ಇವುಗಳ ವರ್ಣನೆ ಅವನ ಪತ್ರಗಳ ತುಂಬ ಇದೆ. ತನ್ನ ನೆರೆಯಲ್ಲಿ ಬಂದು ನೆಲೆಸಿದ ಏಳಡಿ ಎತ್ತರದ, ತಲೆಗೆ ಬೆಣ್ಣೆ ಮೆತ್ತಿಕೊಳ್ಳುವ, ಈರುಳ್ಳಿ ನಾರುವ ಬರ್ಗಂಡಿಯನ್ನರ ನಡುವೆ ಪದ್ಯ ಹೇಗೆ ಬರೆಯಲಿ ಎಂದು ನಗೆಯಾಡುತ್ತಾನೆ. ಆಮೇಲೆ ಅವನೇ ಕ್ಲೆರ್ಮೋಂ ನಗರದ ಬಿಷಪ್ ಆಗಿ, ವಿಸಿಗಾಥರ ಮುತ್ತಿಗೆಯನ್ನು ವರ್ಷ ವರ್ಷವೂ ಎದುರಿಸಿ ನಿಂತ. 475ರಲ್ಲಿ ಸಾಮ್ರಾಜ್ಯ ಆ ಊರನ್ನು ಶತ್ರುವಿಗೆ ಬಿಟ್ಟುಕೊಟ್ಟಿತು, ಬೇರೊಂದು ಕಡೆ ತನಗೆ ನೆಮ್ಮದಿ ಸಿಕ್ಕಲೆಂದು. ಕಾದವರನ್ನು ಯಾರೂ ಕೇಳಲಿಲ್ಲ. ಕೊನೆಗೆ, ಆರನೆಯ ಶತಮಾನದಲ್ಲಿ ತೂರ್ ಊರಿನ ಗ್ರೆಗರಿ: ಬರೆಯಬಲ್ಲವರೇ ಇಲ್ಲವಾದರೆಂದು ಕೊರಗುತ್ತ, ತನ್ನ ಲ್ಯಾಟಿನ್ ಒರಟೆಂದು ಕ್ಷಮೆ ಬೇಡುತ್ತ, ಚರಿತ್ರೆಯನ್ನು ಬರೆದಿಟ್ಟವನು.

1938ರಲ್ಲಿ ಇದನ್ನು ಓದಿದ ಯಾರಿಗಾದರೂ ಸಾಮ್ರಾಜ್ಯ ಬಿಟ್ಟುಕೊಟ್ಟ ಆ ಊರು ಯಾವುದೆಂದು ವಿವರಿಸಬೇಕಾಗಿರಲಿಲ್ಲ. ಆ ವರ್ಷದ ಮ್ಯೂನಿಕ್ ಒಪ್ಪಂದ ಪತ್ರಿಕೆಗಳಲ್ಲಿತ್ತು. ಬೋಡೋವಿನ ಅಧ್ಯಾಯದ ನಸುನಗೆ ಈ ಪ್ರಬಂಧದಲ್ಲಿಲ್ಲ. ಪವರ್ ಅದನ್ನು ಅಚ್ಚಿಗೆ ಕೊಡಲಿಲ್ಲ. 1939ರಲ್ಲಿ ಇಂಗ್ಲೆಂಡಿನ ಉಣ್ಣೆಯ ವ್ಯಾಪಾರವನ್ನು ಕುರಿತು ಆಕ್ಸ್‌ಫರ್ಡಿನಲ್ಲಿ ಉಪನ್ಯಾಸಗಳನ್ನು ಕೊಟ್ಟರು. ಅವು ಪುಸ್ತಕವಾಗಿ ಬಂದದ್ದು 1941ರಲ್ಲಿ, ಆಕೆಯಿಲ್ಲದಾಗ. 1940ರ ಆಗಸ್ಟಿನಲ್ಲಿ, ಐವತ್ತೊಂದರ ವಯಸ್ಸಿನಲ್ಲಿ, ಹೃದಯಾಘಾತದಿಂದ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರು. ಪತಿ ಮೈಕೇಲ್ ಪೋಸ್ಟನ್, ಅವರೂ ಮಧ್ಯಯುಗದ ಆರ್ಥಿಕ ಇತಿಹಾಸದಲ್ಲಿ ದೊಡ್ಡ ಹೆಸರು, ಆ ಪ್ರಬಂಧವನ್ನು ಇಪ್ಪತ್ತಮೂರು ವರ್ಷಗಳ ನಂತರ, ‘ಮೆಡೀವಲ್ ಪೀಪಲ್’ ಪುಸ್ತಕದ 1963ರ ಹತ್ತನೆಯ ಮುದ್ರಣಕ್ಕೆ ಸೇರಿಸಿದರು. ಅದೂ ಎಲ್ಲಕ್ಕಿಂತ ಮುಂದೆ. ಈಗ ಆ ಪುಸ್ತಕವನ್ನು ಕೈಗೆತ್ತಿಕೊಂಡವರಿಗೆ ಮೊದಲು ಸಿಗುವವರು ಔಸೋನಿಯಸ್, ಸಿಡೋನಿಯಸ್, ಅವರ ಬಂಗಲೆ, ಅವರ ಚೆಂಡಾಟ. ಅವನ್ನು ದಾಟಿ ಪುಟ ತಿರುಗಿಸಿದ ಮೇಲೆ, ಎರಡನೆಯ ಅಧ್ಯಾಯದಲ್ಲಿ, ಬೋಡೋ ಎತ್ತುಗಳನ್ನು ಹೂಡಿಕೊಂಡು ಮಠದ ಹೊಲಕ್ಕೆ ಹೊರಡುತ್ತಾನೆ.